ಅಳಿಯನ ಸೀಟಿ

ನಮ್ಮ ಕೆರೆಕೋಡಿ ಫುಟ್‌ಬಾಲ್ ತಂಡ ಸೋತ ಮರುದಿನ, ಅಂದರೆ ಹೆಚ್ಚುಕಡಿಮೆ ಪ್ರತಿ ಸೋಮವಾರ, ಶಿಕಾರಿಪುರದ ನನ್ನ ಅಂಗಡಿಯ ಮುಂದಿನ ಬೆಂಚಿನ ಮೇಲೆ ವಿಚಾರಣೆ ನಡೆಯುತ್ತದೆ. ನನ್ನದು ಸುಟ್ಟುಹೋದ ಪಂಪ್‌ಸೆಟ್ ಮೋಟರಿಗೆ ಹೊಸ ತಂತಿ ಸುತ್ತುವ ಕೆಲಸ. ಕೈ ಕೆಲಸದಲ್ಲಿದ್ದರೂ ಕಿವಿ ಬೆಂಚಿನ ಮೇಲಿರುತ್ತದೆ. ವಿಚಾರಣೆ ಎಷ್ಟೇ ಹೊತ್ತು ನಡೆದರೂ ತೀರ್ಪು ಮಾತ್ರ ಬದಲಾಗುವುದಿಲ್ಲ: ಆಟಗಾರರದು ತಪ್ಪಿಲ್ಲ, ರೆಫ್ರಿ ಸರಿಯಿಲ್ಲ.

ಈ ತೀರ್ಪು ಬರೆಯುವವನು ಅಡಿಕೆ ದಲ್ಲಾಳಿ ತೋಟಪ್ಪ. ಮೊಬೈಲಿನಲ್ಲಿ ಹೊರದೇಶದ ಪಂದ್ಯಗಳನ್ನು ನೋಡಿ ನೋಡಿ ಅವನಿಗೆ ಆಫ್‌ಸೈಡಿನ ಗೀಳು ಹಿಡಿದಿದೆ.

"ಅದು ಕ್ಲೀನ್ ಆಫ್‌ಸೈಡ್ ರೀ. ಆ ರೆಫ್ರಿಗೆ ಕಣ್ಣಿಲ್ಲೇನು?"

"ನಮ್ದು ಏಳು ಜನದ ಆಟ ಮಾರಾಯ. ಇದ್ರಾಗೆ ಆಫ್‌ಸೈಡೇ ಇಲ್ಲ," ಎಂದೆ ಒಮ್ಮೆ.

"ಇಲ್ದಿದ್ರೂ ಕೊಡಬೇಕಿತ್ತು," ಎಂದ ತೋಟಪ್ಪ. ಬೆಂಚಿನ ಮೇಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು.

ಇಂಥ ಜನರ ನಡುವೆ ಒಬ್ಬಳ ಮಾತಿಗೆ ಮಾತ್ರ ಎಲ್ಲರೂ ಬೆಲೆ ಕೊಡುತ್ತಿದ್ದರು. ಅವಳು ಬಂಗಾರಮ್ಮ. ಶಿರಾಳಕೊಪ್ಪದ ಹತ್ತಿರದ ಹಳ್ಳಿಯೊಂದರ ರೈತರ ಮಗಳು. ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ರಾಮಪ್ಪನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಕೆರೆಕೋಡಿ ತಂಡ ಶುರುವಾದದ್ದೇ ಆ ಹಮಾಲರಿಂದ. ಭಾನುವಾರ ಮೂಟೆ ಇಳಿಸುವ ಕೆಲಸ ಇರುವುದಿಲ್ಲ, ಸುಮ್ಮನೆ ಕೂತರೆ ಮೈ ನೋಯುತ್ತದೆ ಎಂದು ಚೆಂಡು ತಂದವರು ಅವರು. ರಾಮಪ್ಪ ಗೋಲ್‌ಕೀಪರ್ ಆಗಿದ್ದ. ಮೂಟೆ ಹಿಡಿದ ಕೈಗೆ ಚೆಂಡು ಯಾವ ಲೆಕ್ಕ ಎನ್ನುವುದು ಅವರ ವಿಚಾರ. ಆದರೆ ಮೂಟೆ ಹೇಳಿ ಕೇಳಿ ಬೆನ್ನ ಮೇಲೆ ಬರುತ್ತದೆ, ಚೆಂಡು ಹಾಗೆ ಬರುವುದಿಲ್ಲ.

ಮದುವೆಯಾದ ಹೊಸದರಲ್ಲಿ ಬಂಗಾರಮ್ಮ ಗಂಡನಿಗೆ ಬುತ್ತಿ ತೆಗೆದುಕೊಂಡು ಮೈದಾನಕ್ಕೆ ಹೋದಳಂತೆ. ಎದುರಾಳಿಯೊಬ್ಬ ಮೊಣಕೈಯಿಂದ ರಾಮಪ್ಪನ ಮೂಗಿಗೆ ತಿವಿದ, ಗೋಲು ಹೊಡೆದ, ರೆಫ್ರಿ ಗೋಲು ಕೊಟ್ಟ. ಬುತ್ತಿ ಕೆಳಗಿಟ್ಟವಳೇ ಹೊಸ ಮದುಮಗಳು ಬಾಯಿ ತೆಗೆದಳು. ಆ ಬಾಯಿ ಮುಂದೆ ಮುಚ್ಚಲಿಲ್ಲ. ಬರಿಗೈಯಲ್ಲಿ ಬಂದು ಬೈದು ಹೋಗುವುದು ಯಾಕೆ ಎಂದು ಆಮೇಲೆ ಒಲೆ, ಬಾಣಲೆ ತಂದು ಮಂಡಕ್ಕಿ ಮಿರ್ಚಿ ಮಾರತೊಡಗಿದಳು. ಅವಳ ಜಾಗ ಯಾವ ಮೈದಾನದಲ್ಲಾದರೂ ಒಂದೇ, ಗೋಲ್ ಕಂಬದ ಹಿಂದೆ, ಸ್ವಲ್ಪ ಹೊರಮಗ್ಗುಲಿಗೆ. ಅಲ್ಲಿಂದ ಗೆರೆ ಕಾಣುತ್ತದೆ, ರೆಫ್ರಿಗೆ ಅವಳ ಧ್ವನಿ ಮುಟ್ಟುತ್ತದೆ.

ಅವಳ ಬೈಗುಳದಲ್ಲಿ ಹೊಲಸು ಮಾತು ಇರುತ್ತಿರಲಿಲ್ಲ. "ನಿನ್ನ ಕಣ್ಣಿಗೆ ಸೀಗೆಪುಡಿ ಬಿದ್ದೈತೇನೋ?" "ಸೀಟಿ ಊದಬ್ಯಾಡ, ಮನಿಗೆ ಹೋಗಿ ಒಲೆ ಊದು, ನಿಮ್ಮವ್ವಗಾದ್ರೂ ಪುಣ್ಯ ಬರ್ತೈತಿ!" ಎಂದು ಅವಳು ಕೂಗಿದರೆ ಎದುರಾಳಿ ಊರಿನವರೂ ನಗುತ್ತಿದ್ದರು. ಸೊರಬ ತಾಲ್ಲೂಕಿನ ಎಷ್ಟೋ ರೆಫ್ರಿಗಳು ಕೆರೆಕೋಡಿ ಪಂದ್ಯ ಎಂದರೆ ಜ್ವರ ಬಂದಿದೆ ಎಂದು ತಪ್ಪಿಸಿಕೊಳ್ಳುತ್ತಿದ್ದರು. ನಮ್ಮ ಆಟಗಾರರನ್ನೂ ಅವಳು ಬಿಡುತ್ತಿರಲಿಲ್ಲ. ತೋಟಪ್ಪ ಒಮ್ಮೆ ರೆಫ್ರಿಯ ಮೇಲೆ ಹರಿಹಾಯ್ದಾಗ ಬಾಣಲೆಯಿಂದ ತಲೆಯೆತ್ತದೆ, "ಅದು ನಮ್ ಹುಡುಗನ್ದೇ ತಪ್ಪು, ಬಾಯ್ ಮುಚ್ಕೊಂಡು ಮಿರ್ಚಿ ತಿನ್ನು," ಎಂದಿದ್ದಳು. ಅವಳ ಮಾತಿಗೆ ಬೆಲೆ ಬಂದದ್ದು ಈ ಗುಣದಿಂದ.

ಅವಳಿಗೆ ಒಂದೇ ಆಸೆಯಿತ್ತು. ಕೆರೆಕೋಡಿ ತಂಡ ಒಮ್ಮೆಯೂ ಫೈನಲ್ ಆಡಿದ್ದಿಲ್ಲ. ಮಂಡಿ ಕೆಟ್ಟು ಆಟ ನಿಂತ ಮೇಲೆ ರಾಮಪ್ಪ ತಂಡದ ಹುಡುಗರಿಗೆ ಆಟ ಕಲಿಸುತ್ತಿದ್ದ, ಮಿಕ್ಕ ಹೊತ್ತಿನಲ್ಲಿ ಅವಳ ಪಕ್ಕ ಕೂತು ಈರುಳ್ಳಿ ಹೆಚ್ಚುತ್ತಿದ್ದ. "ಈ ಮನುಷ್ಯ ಒಂದ್ಸಲ ಫೈನಲ್ ದಿನ ಹೊಸ ಅಂಗಿ ಹಾಕ್ಕೊಂಡು ಹುಡುಗರ ಜೊತೆ ಮೈದಾನಕ್ಕೆ ಇಳೀಬೇಕ್ರಿ. ಅಷ್ಟೇ ಸಾಕು ನಂಗೆ," ಎನ್ನುತ್ತಿದ್ದಳು. ರಾಮಪ್ಪ ಮಾತಾಡುವವನಲ್ಲ. ಅಂಗಿ ಮಾತ್ರ ಹೊಲಿಸಿಟ್ಟಿದ್ದ.

ಹೀಗಿರುವಾಗ ಮಗಳು ಶ್ರೀಲತಾಗೆ ಕುಪ್ಪಗಡ್ಡೆಯಿಂದ ಸಂಬಂಧ ಬಂತು. ಹುಡುಗ ತೀರ್ಥೇಶ್, ಶಾಲೆಯಲ್ಲಿ ಆಟದ ಮೇಷ್ಟ್ರು. ಹೆಣ್ಣು ನೋಡಲು ಬಂದವನನ್ನು ಅಡುಗೆಮನೆಯ ಬಾಗಿಲ ಸಂದಿಯಿಂದ ಇಣುಕಿ ನೋಡಿದ ಬಂಗಾರಮ್ಮ ಥಟ್ಟನೆ ಹಿಂದೆ ಸರಿದಳು. ಹಿಂದಿನ ವರ್ಷ ಆನವಟ್ಟಿಯಲ್ಲಿ ಅವಳಿಂದ ಒಲೆ ಊದು ಎಂದು ಬೈಸಿಕೊಂಡ ರೆಫ್ರಿ ಅವನೇ. ಉಪ್ಪಿಟ್ಟಿನ ತಟ್ಟೆಯನ್ನು ನಾದಿನಿಯ ಕೈಲಿ ಕೊಟ್ಟು ಕಳಿಸಿ, ಹೊರಗೆ ಬರಲೇ ಇಲ್ಲ. ತೀರ್ಥೇಶ್ ಮಾತ್ರ ತಿಂದು ಕೈ ತೊಳೆದು, "ಅತ್ತೆಯವರು ಎದುರಿಗೆ ಬರದಿದ್ರೂ ತೊಂದರೆಯಿಲ್ಲ. ಅವರ ಧ್ವನಿ ನಂಗೆ ಚೆನ್ನಾಗಿ ಪರಿಚಯ ಇದೆ," ಎಂದ. ಮದುವೆ ಗಟ್ಟಿಯಾಯಿತು.

ಅತ್ತೆಯಾದವಳು ಅಳಿಯನ ಎದುರು ಧ್ವನಿ ಎತ್ತಬಾರದು, ಹೆಸರು ಹಿಡಿದು ಕರೆಯಬಾರದು, ತಲೆಯ ಮೇಲಿನ ಸೆರಗು ಜಾರಬಾರದು, ಏನಿದ್ದರೂ ಮಗಳ ಮೂಲಕ ಹೇಳಬೇಕು. ಬಂಗಾರಮ್ಮನ ಮನೆಯಲ್ಲಿ ಇದನ್ನು ಯಾರೂ ಮುರಿದವರಲ್ಲ, ಅವಳೂ ಮುರಿಯಲಿಲ್ಲ. ಇದರ ಪರಿಣಾಮವನ್ನು ನಾವು ಬೇಗ ಕಂಡೆವು. ಶಿರಾಳಕೊಪ್ಪದ ಪಂದ್ಯವೊಂದಕ್ಕೆ ತೀರ್ಥೇಶ್ ರೆಫ್ರಿಯಾಗಿ ಬಂದ. ಬಂಗಾರಮ್ಮ ಸೆರಗು ಹೊದ್ದು, ಬಾಯಿಗೆ ಬೀಗ ಹಾಕಿಕೊಂಡು ಮಿರ್ಚಿ ಕರಿದಳು. ನಾವು ಹೀನಾಯವಾಗಿ ಸೋತೆವು. ಅಳಿಯನೂ ಅತಿ ಮರ್ಯಾದಸ್ಥ. ಮೈದಾನದಲ್ಲಿ ಅತ್ತೆಯ ಅಂಗಡಿಯ ಒಂದು ಕಾಳು ಮಂಡಕ್ಕಿ ಬಾಯಿಗೆ ಹಾಕಲಿಲ್ಲ. ಯಾರಾದರೂ ಏನಾದರೂ ಅಂದಾರು ಎಂದು ನೀರನ್ನೂ ಮನೆಯಿಂದ ತಂದಿದ್ದ.

"ಟೀಮ್ ಬಿದ್ದಿದ್ದು ಹುಡುಗರಿಂದಲ್ಲ," ಎಂದ ತೋಟಪ್ಪ ಸೋಮವಾರ. "ಬಂಗಾರಮ್ಮ ಬೈಯದು ಬಿಟ್ಲು, ರೆಫ್ರಿಗಳಿಗೆ ಹೆದರಿಕೆ ಹೋತು."

ಹೋದ ಬೇಸಿಗೆಯಲ್ಲಿ ಸೊರಬದ ಆಚೆ, ಕೊಯ್ಲಾದ ಗದ್ದೆಯಲ್ಲಿ ಪಂದ್ಯಾವಳಿ ನಡೆಯಿತು. ಬದು ಕಡಿದು ಮಟ್ಟ ಮಾಡಿ, ಸುಣ್ಣದ ಗೆರೆ ಎಳೆದು, ಅಡಿಕೆ ಮರದ ಕಂಬ ನೆಟ್ಟಿದ್ದರು. ಗೋಲಿಗೆ ಬಲೆ ಇರಲಿಲ್ಲ. ಹೇಗೋ ಏನೋ, ಕೆರೆಕೋಡಿ ತಂಡ ಸೆಮಿಫೈನಲ್ ಮುಟ್ಟಿತು. ಅಂದು ಬರಬೇಕಾಗಿದ್ದ ರೆಫ್ರಿಯ ಬೈಕ್ ದಾರಿಯಲ್ಲಿ ಕೈಕೊಟ್ಟಿತು. ಹೆಂಡತಿಯನ್ನು ಕರೆದುಕೊಂಡು ಆಟ ನೋಡಲು ಬಂದಿದ್ದ ತೀರ್ಥೇಶನನ್ನೇ ಸಂಘಟಕರು ಹಿಡಿದರು. "ಬೇಡ್ರಿ, ಅದು ನಮ್ಮ ಮಾವನವರ ಟೀಮು," ಎಂದು ಅವನು ಹಿಂಜರಿದ. ಅಚ್ಚರಿಯೆಂದರೆ ಅವನೇ ಬೇಕೆಂದು ಹಟ ಹಿಡಿದದ್ದು ಎದುರಾಳಿಗಳು. ಅಳಿಯ ನಿಂತರೆ ಆ ಹೆಂಗಸಿನ ಬಾಯಿ ಬಂದ್ ಎಂದು ಅವರ ಲೆಕ್ಕಾಚಾರ. ಅಷ್ಟು ಜೋರಾಗಿತ್ತು ಬಂಗಾರಮ್ಮನ ಕೀರ್ತಿ.

ಆಟ ಮುಗಿಯುತ್ತ ಬಂದರೂ ಗೋಲಾಗಲಿಲ್ಲ. ಬಂಗಾರಮ್ಮ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದಳು. ಬಾಣಲೆಯಲ್ಲಿ ಮಿರ್ಚಿ ಕಪ್ಪಾಗುತ್ತಿತ್ತು, ಕೇಳುವವರೂ ಇರಲಿಲ್ಲ. ಆಗ ನಮ್ಮ ಚಿಕ್ಕಬೀರಪ್ಪ, ವಾರವಿಡೀ ಆಟೋ ಓಡಿಸುವವನು, ಎಡಗಾಲಿನಿಂದ ಬೀಸಿ ಒದ್ದ. ಚೆಂಡು ಭತ್ತದ ಕೂಳೆಗೆ ತಾಗಿ ಪುಟಿದು, ಕಂಬವನ್ನು ಉಜ್ಜಿದಂತೆ ಹಾದು, ಬಂಗಾರಮ್ಮನ ಮಂಡಕ್ಕಿ ಚೀಲಕ್ಕೆ ಬಡಿಯಿತು. ಮಂಡಕ್ಕಿ ಗದ್ದೆಯ ತುಂಬ ಚೆಲ್ಲಿತು. ತೀರ್ಥೇಶ್ ಇಳಿಬಿಸಿಲಿಗೆ ಎದುರಾಗಿ ಓಡಿಬರುತ್ತಿದ್ದ. ಸೀಟಿ ಊದಿ ಗೋಲೆಂದು ಕೈ ತೋರಿಸಿದ.

ನಾವು ಕುಣಿದೆವು. ಎದುರಾಳಿಗಳು ತೀರ್ಥೇಶನನ್ನು ಮುತ್ತಿದರು. "ಹೊರಗೆ ಹೋಯ್ತು ಮಾರಾಯ್ರೇ, ಹೊರಗೆ!" ಎಂದು ಒಬ್ಬ. "ಅತ್ತೆ ಮನೆ ಊಟದ ಋಣ ತೀರಿಸಿದ್ಯೇನೋ?" ಎಂದು ಇನ್ನೊಬ್ಬ. ನಮ್ಮವರನ್ನು ಕೇಳಿದರೆ ಒಳಗೆ, ಅವರನ್ನು ಕೇಳಿದರೆ ಹೊರಗೆ. ತೀರ್ಥೇಶನಿಗೆ ಬಿಸಿಲಿಗೆ ಕಣ್ಣು ಕಟ್ಟಿತ್ತೋ, ನಿಜವಾಗಿ ಹಾಗೇ ಕಂಡಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವನ ಮುಖ ಮಾತ್ರ ಸುಣ್ಣದಂತಾಗಿತ್ತು. ಹತ್ತೂರು ತಿರುಗಿ ಗಳಿಸಿದ ಹೆಸರು ಅಲ್ಲಿ ಒಂದು ಗಳಿಗೆಯಲ್ಲಿ ಮಣ್ಣುಪಾಲಾಗುತ್ತಿತ್ತು.

ಬಂಗಾರಮ್ಮ ಚೆಲ್ಲಿದ ಮಂಡಕ್ಕಿಯನ್ನು ನೋಡಿದಳು, ಕಂಬವನ್ನು ನೋಡಿದಳು. ರಾಮಪ್ಪ ಈರುಳ್ಳಿ ಹೆಚ್ಚುವ ಚಾಕು ಕೆಳಗಿಟ್ಟ.

"ಸುಮ್ನಿರು," ಎಂದ.

ಅವಳು ಗಂಡನ ಮುಖ ನೋಡಲಿಲ್ಲ. ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಒರಗಿಸಿ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗೆರೆ ದಾಟಿ ಮೈದಾನದೊಳಕ್ಕೆ ನಡೆದಳು. ಗಲಾಟೆ ತಗ್ಗಿತು. ಅಳಿಯನಿಂದ ನಾಲ್ಕು ಮಾರು ದೂರದಲ್ಲಿ ನಿಂತು, ಅವನಿಗೆ ಬೆನ್ನು ಮಾಡಿ, ಗೆರೆಯಾಚೆ ಇದ್ದ ಮಗಳತ್ತ ತಿರುಗಿದಳು.

"ಶ್ರೀಲತಾ, ನಿಮ್ಮ ಯಜಮಾನ್ರಿಗೆ ಹೇಳು. ಚೆಂಡು ಕಂಬದ ಹೊರಗಿಂದ ಬಂದು ನಮ್ ಚೀಲಕ್ಕೆ ಬಡೀತು. ಅದು ಗೋಲಲ್ಲ."

ಇಡೀ ಗದ್ದೆಗೆ ಕೇಳಿಸಿತು. ಆದರೂ ಶ್ರೀಲತಾ ಗಂಡನತ್ತ ತಿರುಗಿ, "ಅದು ಗೋಲಲ್ವಂತೆ," ಎಂದಳು.

"ಸರಿಯಾಗಿ ನೋಡಿದ್ದಾರಾ ಅಂತ ಕೇಳು," ಎಂದ ತೀರ್ಥೇಶ್.

"ನೋಡದಿದ್ರೆ ಇಲ್ಲಿತನಕ ಯಾಕ್ ಬರ್ತಿದ್ದೆ ಅಂತ ಹೇಳವ್ವಾ," ಎಂದಳು ಬಂಗಾರಮ್ಮ.

ಅವನು ಮತ್ತೆ ಸೀಟಿ ಊದಿದ. ಗೋಲು ರದ್ದಾಯಿತು. ನಮ್ಮವರು ಸಿಟ್ಟಿನಿಂದ ಕುದಿಯುತ್ತಿದ್ದರು. ಆ ಸಿಟ್ಟಿನಲ್ಲೇ ಆಡಿ, ಕೊನೆಗೆ ಪೆನಾಲ್ಟಿ ಹೊಡೆತಗಳಲ್ಲಿ ಸೋತೆವು.

ವಾಪಸ್ಸು ಬರುವಾಗ ಗೂಡ್ಸ್ ಗಾಡಿಯಲ್ಲಿ ಬಂಗಾರಮ್ಮ ಬಾಣಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಮಿಕ್ಕ ಮಿರ್ಚಿ ಕೊಡಹೋದರೆ ಚಿಕ್ಕಬೀರಪ್ಪ ಮುಖ ತಿರುಗಿಸಿದ. ಸೋಮವಾರ ಬೆಂಚಿನ ಮೇಲೆ ಮೊದಲ ಸಲ ರೆಫ್ರಿಯ ಹೆಸರು ಬರಲಿಲ್ಲ. "ನಮ್ಮವ್ರೇ ನಮಗೆ ಬೆನ್ನಿಗೆ ಚೂರಿ ಹಾಕಿದ್ರು," ಎಂದ ತೋಟಪ್ಪ. ನನಗೆ ರೇಗಿತು. "ನೀನೂ ಅಲ್ಲೇ ನಿಂತಿದ್ದೆ. ಚೆಂಡು ಎಲ್ಲಿ ಹೋತು ಅಂತ ನೀನೇ ಹೇಳು," ಎಂದೆ. ತೋಟಪ್ಪ ಚಹಾ ಮುಗಿಸಿ ಎದ್ದು ಹೋದ.

ಇದೆಲ್ಲ ಬಂಗಾರಮ್ಮನನ್ನು ಮುಟ್ಟಲಿಲ್ಲ. ಮುಟ್ಟಿದ್ದು ರಾಮಪ್ಪನ ಮೌನ. ಮೊದಲೇ ಮಾತು ಕಡಿಮೆ ಇದ್ದವನು ಹೆಂಡತಿಯೊಡನೆ ಪೂರ್ತಿ ಮಾತು ಬಿಟ್ಟ. ಉಣ್ಣುತ್ತಿದ್ದ, ಮಾರುಕಟ್ಟೆಗೆ ಹೋಗುತ್ತಿದ್ದ, ಬಂದು ಮಲಗುತ್ತಿದ್ದ. ಹೊಲಿಸಿಟ್ಟ ಅಂಗಿಯನ್ನು ಒಂದು ದಿನ ಹಾಕಿಕೊಂಡು ಮೂಟೆ ಹೊರಲು ಹೋದ. ಸಂಜೆಗೆ ಅದು ಹೆಗಲ ಮೇಲೆ ಹರಿದಿತ್ತು. ಮಿಕ್ಸಿಯ ಮೋಟರು ಸುಟ್ಟಿದೆ ಎಂದು ನನ್ನ ಅಂಗಡಿಗೆ ಬಂದಾಗ ಬಂಗಾರಮ್ಮ ಇದನ್ನು ಹೇಳಿ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಗೆಲ್ಲಬೇಕು ಅಂತ ನಂಗಿಂತ ಹೆಚ್ಚು ಯಾರಿಗಿತ್ರಿ?" ಎಂದಳು. "ಆದ್ರೆ ಚೀಲ ನಂದು. ಚೆಂಡು ಬಡಿದಿದ್ದು ನನ್ನ ಚೀಲಕ್ಕೆ. ಬ್ಯಾರೆ ಯಾರದ್ದಾದ್ರೂ ಆಗಿದ್ರೆ ನಾನೂ ಸುಮ್ನಿರ್ತಿದ್ನೇನೋ."

ತೀರ್ಥೇಶ್ ತಾನು ಇನ್ನು ಮುಂದೆ ಕೆರೆಕೋಡಿ ಆಡುವ ಪಂದ್ಯಕ್ಕೆ ನಿಲ್ಲುವುದಿಲ್ಲ ಎಂದು ಸಂಘಟಕರಿಗೆ ಹೇಳಿಬಿಟ್ಟ. ಕಾರಣ ಕೇಳಿದವರಿಗೆ, "ಅತ್ತೆಯವರು ಬಾಯಿ ತುಂಬ ಬೈಯ್ಲಿ. ಅದಕ್ಕೆ ನಾನು ಅಡ್ಡ ಇರಬಾರದು," ಎಂದನಂತೆ.

ಮಳೆಗಾಲ ಕಳೆದು ಮತ್ತೆ ಆಟ ಶುರುವಾಯಿತು. ಮೊದಲ ಪಂದ್ಯ ಶಿರಾಳಕೊಪ್ಪದಲ್ಲಿ. ರೆಫ್ರಿ ಹೊಸಬ. ಬಂಗಾರಮ್ಮ ಒಲೆ ಹೂಡಿದ್ದಳು. ರಾಮಪ್ಪ ಬಂದು ಪಕ್ಕದಲ್ಲಿ ಕೂತು ಈರುಳ್ಳಿ ಎಳೆದುಕೊಂಡ, ಆದರೆ ತುಟಿ ಬಿಚ್ಚಲಿಲ್ಲ. ಶ್ರೀಲತಾ, ತೀರ್ಥೇಶ್ ಬಂಗಾರಮ್ಮನ ಕಣ್ಣಿಗೆ ಬೀಳದಂತೆ ನಮ್ಮ ಹಿಂದೆ ನಿಂತಿದ್ದರು. ತೀರ್ಥೇಶನ ಕೈಯಲ್ಲಿ ಅತ್ತೆ ಕರಿದ ಮಿರ್ಚಿಯ ಪೊಟ್ಟಣವಿತ್ತು, ಬಾಯಿ ಉರಿಯುತ್ತಿದ್ದರೂ ಬಿಡದೆ ತಿನ್ನುತ್ತಿದ್ದ.

ಆಟ ಶುರುವಾದ ಸ್ವಲ್ಪ ಹೊತ್ತಿಗೆ ಎದುರಾಳಿಯೊಬ್ಬ ನಮ್ಮ ಗೋಲ್‌ಕೀಪರ್ ಹುಡುಗನನ್ನು ಮೊಣಕೈಯಿಂದ ತಿವಿದು ಬೀಳಿಸಿ ಗೋಲು ಹೊಡೆದ. ರೆಫ್ರಿ ಗೋಲು ಕೊಟ್ಟ. ಇಡೀ ಮೈದಾನ ತಿರುಗಿ ಬಂಗಾರಮ್ಮನನ್ನು ನೋಡಿತು. ಅವಳು ತಲೆ ತಗ್ಗಿಸಿ ಎಣ್ಣೆಗೆ ಮಿರ್ಚಿ ಬಿಡುತ್ತಿದ್ದಳು. ಬೈಯುವ ಹಕ್ಕು ತನಗೆ ಇನ್ನೂ ಇದೆಯೋ ಇಲ್ಲವೋ ಎಂಬಂತೆ ಇತ್ತು ಅವಳ ಮುಖ.

ರಾಮಪ್ಪ ಹೆಚ್ಚುವುದನ್ನು ನಿಲ್ಲಿಸಿದ.

"ನನ್ನ ಮೂಗಿಗೆ ತಿವಿದಾಗ ಅಷ್ಟು ಬೈದಿದ್ದೆ," ಎಂದ. "ಈ ಹುಡುಗನ ಮೂಗು ಮೂಗಲ್ಲೇನು?"

ಅವಳು ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆ ದಿನ ಅವಳು ಬೈದದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತು ಎಂದು ಶಿರಾಳಕೊಪ್ಪದವರು ಈಗಲೂ ಹೇಳುತ್ತಾರೆ. ರಾಮಪ್ಪ ತಲೆ ತಗ್ಗಿಸಿ ಕಣ್ಣೊರೆಸಿಕೊಂಡು ಈರುಳ್ಳಿ ಹೆಚ್ಚುತ್ತಿದ್ದ. ಆ ಪಂದ್ಯವನ್ನೂ ನಾವು ಸೋತೆವು.