ಹೆರಿಗೆ ಮನೆಯ ಬೋರಲು ಚೊಂಬುಗಳು

೧೯೩೬ನೆಯ ಇಸವಿ. ನನಗೆ ಆಗ ನಲವತ್ತೊಂದು ವರ್ಷ. ಹಿರೋಡೆಯ ಶಾಲೆಯ ಉಪಾಧ್ಯಾಯ ವೃತ್ತಿಗೆ ರಾಜೀನಾಮೆ ಕೊಟ್ಟು, ಶ್ರೀರಂಗಪಟ್ಟಣದಲ್ಲಿ ತಂಗಿಯೊಡನೆ ನೆಲೆಸಿ ಕೆಲವೇ ತಿಂಗಳುಗಳಾಗಿದ್ದವು. ರಾಜೀನಾಮೆಯ ಕಾರಣ ಇಲ್ಲಿ ಅಪ್ರಸ್ತುತ. ತಪ್ಪು ಉತ್ತರಕ್ಕೆ ಅಂಕ ಕೊಡೆಂದು ಯಾರು ಹೇಳಿದರೂ ನಾನು ಕೊಟ್ಟವನಲ್ಲ ಎಂದಷ್ಟು ತಿಳಿದರೆ ಸಾಕು.

ತಂಗಿ ವಿಧವೆ. ಮೈಸೂರಿನಲ್ಲಿ ದಾದಿಯ ತರಬೇತಿ ಪಡೆದು, ಊರಿನ ಕೆಲವು ದಾನಿಗಳು ಕೋಟೆಯೊಳಗೆ ನಡೆಸುತ್ತಿದ್ದ ಸಣ್ಣದೊಂದು ಹೆರಿಗೆ ಮನೆಯಲ್ಲಿ ಕೆಲಸಕ್ಕಿದ್ದಳು. ಆ ಮನೆ ಈಗ ಇಲ್ಲ. ಅದರ ಪಡಸಾಲೆಯಲ್ಲಿ ಪೂರ್ವದ ಗೋಡೆಗೊಂದು, ಪಶ್ಚಿಮದ ಗೋಡೆಗೊಂದು, ಹೀಗೆ ಎರಡು ಸಾಲು ಮಂಚಗಳಿದ್ದವು. ಪ್ರತಿ ಮಂಚದ ಕೆಳಗೂ ಮನೆಯವರು ತಂದಿಟ್ಟ ಒಂದು ಚೊಂಬು. ಚೊಂಬು ಬೋರಲಾಗಿದ್ದರೆ ಮೇಲೆ ಮಲಗಿದವಳಿಗೆ ಹೆರಿಗೆ ಆಗಿದೆ ಎಂದು ಅರ್ಥ. ಏಕೆಂದರೆ ನಮ್ಮ ಸೀಮೆಯಲ್ಲಿ ಬಾಣಂತಿಗೆ ಮೊದಲ ದಿನಗಳಲ್ಲಿ ನೀರು ಕೊಡುತ್ತಿರಲಿಲ್ಲ. ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪದನ್ನ ಎಲ್ಲವೂ ಉಂಟು, ನೀರೊಂದೇ ಇಲ್ಲ. ಕುಡಿದರೆ ನಂಜೇರುತ್ತದೆ, ಹೊಟ್ಟೆ ಇಳಿಯುವುದಿಲ್ಲ, ಮಗುವಿಗೆ ಶೀತ ಹಿಡಿಯುತ್ತದೆ ಎಂಬ ನಂಬಿಕೆ. ಹೊಳೆಯ ಸದ್ದು ಕಿವಿಗೆ ಬೀಳುವ ಆ ಮನೆಯಲ್ಲಿ ಹೆಂಗಸರು ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಳ್ಳುತ್ತ ಮಲಗಿರುತ್ತಿದ್ದರು.

ತಂಗಿ ಮಾತ್ರ ಕಾಯಿಸಿ ಆರಿಸಿದ ನೀರನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಬೂಕನಕೆರೆಯ ಕಡೆಯಿಂದ ಒಬ್ಬ ಸೊಸೆಯನ್ನು ಗಾಡಿಯಲ್ಲಿ ಕರೆತಂದರು. ಊರಿನಲ್ಲಿಯೇ ಬಹಳ ಹೊತ್ತು ನೋವು ತಿಂದವಳು. ಇಳಿಸುವಾಗಲೇ ಮೈ ಕೆಂಡವಾಗಿತ್ತು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ತಂಗಿ ಅವಳಿಗೆ ನೀರು ಕುಡಿಸಿದ್ದನ್ನು ಅತ್ತೆ ಕಣ್ಣಾರೆ ಕಂಡಿದ್ದಳು.

“ಬೋರ್ಲಾಕಿದ್ ಚೊಂಬ ಎತ್ತಿ ನೀರ್ ಕುಡ್ಸುಬುಟ್ಲು ಕಣ್ರಪ್ಪೋ! ನೀರ್ ಕುಡ್ಸಿ ಸಾಯ್ಸುಬುಟ್ಲು!” ಎಂದು ಆಕೆ ಬೀದಿಯಲ್ಲಿ ನಿಂತು ಎದೆ ಬಡಿದುಕೊಂಡಳು.

ಸಂಜೆಯೊಳಗೆ ಊರೆಲ್ಲ ಅದೇ ಮಾತು. ಹಿಂದೆಯೂ ಹೀಗೆ ಸತ್ತಿದ್ದರಂತೆ, ನಾಗಮಂಗಲದಲ್ಲಿಯೂ ಒಬ್ಬಳು ಹೋದಳಂತೆ. ಯಾರು ಕಂಡವರು ಎಂದು ನಾನು ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಕಂಡವರು ಒಬ್ಬರೂ ಸಿಕ್ಕಲಿಲ್ಲ.

ಹೆರಿಗೆ ಮನೆಯ ಮೇಲ್ವಿಚಾರಣೆ ನೋಡುತ್ತಿದ್ದ ಡಾಕ್ಟರು ಸಜ್ಜನರು, ಆದರೆ ದಾನಿಗಳಿಗೆ ಅಂಜುವವರು. ದಾದಿಯು ಬಾಣಂತಿಯರಿಗೆ ನೀರು ಕೊಡಕೂಡದು, ಕೊಟ್ಟರೆ ಕೆಲಸ ಬಿಡಬೇಕು ಎಂದು ಆಜ್ಞೆ ಮಾಡಿದರು. ನಾನು ನೇರವಾಗಿ ಅವರಲ್ಲಿಗೆ ಹೋದೆ.

“ನೀರಿನಿಂದ ಸತ್ತಳು ಅಂತ ನಾನೂ ಹೇಳೋದಿಲ್ಲ, ಮೇಷ್ಟ್ರೇ,” ಎಂದರು ಅವರು. “ಆದ್ರೆ ಅಲ್ಲ ಅನ್ನೋದಕ್ಕೆ ನಿಮ್ಮ ಹತ್ರ ಏನಿದೆ?”

“ಹೌದು ಅನ್ನೋದಕ್ಕೆ ಅವರ ಹತ್ರ ಏನಿದೆ?”

“ಹೆಣ ಇದೆ.”

ಆ ಉತ್ತರಕ್ಕೆ ನಾನು ತಲೆಬಾಗಲಿಲ್ಲ. ಅವರ ಜಗಲಿಯ ಮೇಲೆಯೇ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳಂತೆ ನಾಲ್ಕು ಮನೆ ಬರೆದೆ. ನೀರು ಕುಡಿದು ಸತ್ತವಳು ಒಂದು ಮನೆ. ಊರು ನೋಡುತ್ತಿರುವುದು ಅದೊಂದನ್ನೇ. ನೀರು ಕುಡಿದು ಬದುಕಿದವರು ಎಲ್ಲಿ? ಕುಡಿಯದೆ ಸತ್ತವರು ಎಲ್ಲಿ? ಕುಡಿಯದೆ ಬದುಕಿದವರು ಎಲ್ಲಿ? ಮೂರು ಮನೆಗಳನ್ನು ಖಾಲಿ ಬಿಟ್ಟು ಆಟ ಗೆದ್ದೆವೆನ್ನುವುದು ಯಾವ ನ್ಯಾಯ? ಕುಡಿದವರನ್ನೂ ಕುಡಿಯದವರನ್ನೂ ಬೇರೆ ಬೇರೆಯಾಗಿ ಎಣಿಸೋಣ ಎಂದೆ.

ಡಾಕ್ಟರು ನಕ್ಕರು. “ನೀರು ಕೇಳೋರು ಯಾರು ಹೇಳಿ? ಪೇಟೆಯ ಹೆಂಗಸರು, ಸಾಬರ ಅಂಗಡಿ ಮನೆಯವರು. ನಡ್ಕೊಂಡು ಬಂದು ಹೆರ್ತಾರೆ. ಕೇಳದೆ ಇರೋರು ಹಳ್ಳಿಯಿಂದ ಗಾಡೀಲಿ ಸೋತು ಬಂದೋರು. ಗಟ್ಟಿಯವರನ್ನ ಒಂದು ಕಡೆ, ಸೋತವರನ್ನ ಇನ್ನೊಂದು ಕಡೆ ನಿಲ್ಲಿಸಿ ಓಟದ ಪಂದ್ಯ ಕಟ್ತೀರಾ?”

ಅದು ಸರಿಯಾದ ಆಕ್ಷೇಪಣೆ. ಸರಿಯಾದುದನ್ನು ಯಾರು ಹೇಳಿದರೂ ಒಪ್ಪಬೇಕು, ಒಪ್ಪಿದೆ. ಹಾಗಾದರೆ ಬಂದ ಸರದಿಯಂತೆ ಒಬ್ಬಳು ಪೂರ್ವಕ್ಕೆ, ಮುಂದಿನವಳು ಪಶ್ಚಿಮಕ್ಕೆ. ಯಾರ ಇಷ್ಟವೂ ನಡೆಯಕೂಡದು, ನಮ್ಮದು ಕೂಡ. ಪೂರ್ವದ ಸಾಲಿನಲ್ಲಿ ಚೊಂಬು ತುಂಬಿಟ್ಟು ಕುಡಿಯಲು ಹೇಳುವುದು. ಪಶ್ಚಿಮದಲ್ಲಿ ಮನೆಯವರ ಪದ್ಧತಿ. ಡಾಕ್ಟರು ಆಷಾಢ ಮುಗಿಯುವವರೆಗೆ ಆಜ್ಞೆಯನ್ನು ತಡೆಹಿಡಿಯಲು ಒಪ್ಪಿದರು. ನೀರಿನ ಸಾಲಿನಲ್ಲಿ ಜ್ವರವೋ ಸಾವೋ ಹೆಚ್ಚಾಗಿ ಕಂಡರೆ ತಂಗಿ ತಾನಾಗಿಯೇ ಕೆಲಸ ಬಿಡಬೇಕು.

ಮನೆಗೆ ಬಂದು ಹೇಳಿದರೆ ತಂಗಿಯೇ ತಿರುಗಿಬಿದ್ದಳು.

“ಪಶ್ಚಿಮದಲ್ಲಿ ಮಲಗಿದೋಳು ಬಾಯಾರಿ ಕೈ ಚಾಚಿದ್ರೆ, ನಿನ್ನ ಸರದಿ ಅಲ್ಲ ಕಣೇ ಅನ್ಲಾ? ನನ್ನ ಕೈಲಾಗಲ್ಲ, ಅಣ್ಣಯ್ಯ. ಕೇಳಿದೋಳಿಗೆ ಕೊಡೋಳೇ ನಾನು.”

“ಹಾಗೆ ಮಾಡಿದರೆ ಲೆಕ್ಕ ಕೆಡುತ್ತೆ.”

“ಕೆಡ್ಲಿ. ಲೆಕ್ಕಕ್ಕೆ ಬಾಯಾರಿಕೆ ಆಗುತ್ತಾ?”

ನನ್ನ ತಂಗಿಯೊಡನೆ ವಾದಿಸಿ ಗೆದ್ದವರಿಲ್ಲ. ಕೇಳಿದವಳಿಗೆ ಕೊಡಲಿ, ಆದರೆ ಅವಳನ್ನು ಪಶ್ಚಿಮದವಳೆಂದೇ ಎಣಿಸುವುದು ಎಂದು ತೀರ್ಮಾನಿಸಿದೆ. ಆಮೇಲೆ ನೋಡಿ ಆ ಕಡೆ ಈ ಕಡೆ ಸರಿಸುತ್ತ ಕುಳಿತರೆ ನಮಗೆ ಬೇಕಾದ ಉತ್ತರವನ್ನೇ ನಾವು ಬರೆದುಕೊಂಡಂತಾಗುತ್ತದೆ.

ಎಣಿಕೆಯನ್ನು ನಾನು ಕಾಗದದಲ್ಲಿ ಇಡಲಿಲ್ಲ. ನರ್ಸಮ್ಮನ ಅಣ್ಣ ಬರೆದದ್ದನ್ನು ಯಾರು ನಂಬುತ್ತಾರೆ? ಬಾಗಿಲ ಬಳಿ ಪ್ರತಿ ಸಾಲಿಗೂ ಎರಡೆರಡು ಮಣ್ಣಿನ ಕುಡಿಕೆ ಇರಿಸಿದೆ: ಬಿಳಿಯ ಸುಣ್ಣ ಬಳಿದದ್ದು ಜ್ವರವಿಲ್ಲದೆ ಮನೆಗೆ ಹೋದವರದು, ಕೆಮ್ಮಣ್ಣು ಬಳಿದದ್ದು ಜ್ವರ ಬಂದವರದು, ಸತ್ತವರದು. ಹೊರಡುವಾಗ ಮನೆಯ ಹಿರಿಯ ಹೆಂಗಸು ತನ್ನ ಕೈಯಿಂದಲೇ ಒಂದು ಹುಣಸೆ ಬೀಜ ಹಾಕಬೇಕು. ಅಕ್ಷರ ಬಾರದವರಿಗೂ ಅದು ತಿಳಿಯುತ್ತಿತ್ತು. ಬಂದವರಿಗೆಲ್ಲ ತಂಗಿ ಬಾಗಿಲಲ್ಲಿಯೇ ವಿಷಯ ಹೇಳುತ್ತಿದ್ದಳು. ಒಲ್ಲದವರನ್ನು ಬಲವಂತ ಮಾಡುತ್ತಿರಲಿಲ್ಲ. ಪೇಟೆಯ ಹಿರಿಯರು ನನ್ನನ್ನು ಹುಣಸೆ ಬೀಜದ ಮೇಷ್ಟ್ರು ಎಂದರು. ಅನ್ನಲಿ.

ಆಷಾಢದಲ್ಲಿ ಬೂಕನಕೆರೆಯ ಆ ಅತ್ತೆ ಮತ್ತೆ ಬಂದಳು. ಈ ಸಲ ಕಿರಿಯ ಸೊಸೆ.

“ನನ್ನನ್ನ ಬೀದೀಲಿ ನಿಂತು ಬೈದೋರು, ಇಲ್ಲಿಗೇ ಬಂದ್ರಲ್ಲಮ್ಮಾ?” ಎಂದಳು ತಂಗಿ.

“ಇನ್ನೆಲ್ಲಿಗ್ ಓಗಾನವ್ವ? ತಾಯಿ ಓದ್ಲು, ಮಗಿನ ಉಳುಸ್ದೋಳು ನೀನೇ ತಾನೆ. ಆದ್ರೆ ನೀರ್ ಮಾತ್ರ ತೋರಿಸ್ಬ್ಯಾಡ. ನಮ್ಮುಡ್ಗೀನ ಆ ಕಡೀಕ್ ಆಕ್ಬುಡು.”

ಸರದಿ ಪೂರ್ವದ್ದಾಗಿತ್ತು. ನಾನು ಬಾಗಿಲಲ್ಲಿದ್ದೆ. “ಸರದಿ ಅಂದರೆ ಸರದಿ. ಕುಡಿಯೋದು ಬಿಡೋದು ನಿಮ್ಮ ಇಷ್ಟ, ಮಂಚ ಮಾತ್ರ ಪೂರ್ವದ್ದು,” ಎಂದೆ.

“ನಿಮ್ಗೇನ್ ಗೊತ್ತು ಮೇಷ್ಟ್ರೆ? ನೀವೇನ್ ಬಾಣಂತಿ ಆಗಿದ್ರಾ?”

ಪಡಸಾಲೆಯ ಹೆಂಗಸರೆಲ್ಲ ನಕ್ಕರು. ಇಲ್ಲ, ಆಗಿರಲಿಲ್ಲ. ಆದರೂ ಸರದಿ ಬದಲಾಗಲಿಲ್ಲ.

ಹೆರಿಗೆ ಸುಸೂತ್ರವಾಯಿತು. ಅನಂತರ ನಡೆದದ್ದು ಚೊಂಬಿನ ಯುದ್ಧ. ತಂಗಿ ತುಂಬಿಡುವಳು, ಮುದುಕಿ ನೀರು ಚೆಲ್ಲಿ ಬೋರಲು ಹಾಕುವಳು. ತಂಗಿ ಮತ್ತೆ ತುಂಬುವಳು. ಕೊನೆಗೆ ಮಲಗಿದ್ದ ಹುಡುಗಿಯೇ ಎದ್ದು ಕುಳಿತು, ಅತ್ತೆಯ ಕೈಯಿಂದ ಚೊಂಬನ್ನು ಕಿತ್ತುಕೊಂಡಳು.

“ಕುಡುದ್ರೆ ಸಾಯ್ತೀನಿ ಅಂತೀಯಲ್ಲತ್ತೆ. ಕುಡೀದಿದ್ರೆ ಈಗ್ಲೇ ಸಾಯ್ತೀನಿ, ಬುಡು!” ಎಂದವಳೇ ಗಟಗಟನೆ ಕುಡಿದು, ಖಾಲಿ ಚೊಂಬನ್ನು ಬಾಯಿ ಮೇಲಾಗಿ ಇಟ್ಟಳು. ಮುದುಕಿ ಮಂಚದ ಪಕ್ಕದಲ್ಲಿ ಕುಳಿತು ಸೊಸೆಯ ಹಣೆ ಮುಟ್ಟಿ ನೋಡಿದಳು. ಆ ಹೊತ್ತಿನಿಂದ ಮನೆಗೆ ಹೊರಡುವ ದಿನದವರೆಗೆ ಅವಳ ಕೈ ಸೊಸೆಯ ಹಣೆಯ ಮೇಲಿಂದ ಕದಲಲಿಲ್ಲ. ಹಣೆ ತಣ್ಣಗೇ ಇತ್ತು.

ಹೊರಡುವಾಗ ಹುಣಸೆ ಬೀಜ ಹಿಡಿದು ನಾಲ್ಕೂ ಕುಡಿಕೆಗಳೊಳಗೆ ಬಗ್ಗಿ ನೋಡಿದಳು. ಆಮೇಲೆ ಪೂರ್ವದ ಬಿಳಿಯ ಕುಡಿಕೆಗೆ ಟಪ್ಪೆನ್ನುವಂತೆ ಹಾಕಿ ನನ್ನ ಕಡೆ ತಿರುಗಿದಳು.

“ನೀರಿಂದ ಅಲ್ಲ ಮೇಷ್ಟ್ರೆ, ನಾನ್ ಕೊಟ್ಟ ಮೆಣಸಿನ್ ಸಾರಿಂದ. ತಿಳ್ಕೊಳಿ.”

“ಇರಬಹುದು,” ಎಂದೆ. ನಾವು ಕಾರಣ ಕೇಳಿರಲಿಲ್ಲ. ಬೀಜವನ್ನು ಸರಿಯಾದ ಕುಡಿಕೆಗೆ ಹಾಕೆಂದು ಕೇಳಿದ್ದೆವು. ಅವಳು ಹಾಕಿದ್ದಳು.

ಆಷಾಢ ಮುಗಿಯಿತು. ಶ್ರಾವಣದಲ್ಲಿ ಒಂದು ಬೆಳಿಗ್ಗೆ ದಾನಿಗಳ, ಡಾಕ್ಟರ, ಬಾಣಂತಿಯರ ಮನೆಯವರ ಮುಂದೆ ಕುಡಿಕೆಗಳನ್ನು ಜಗಲಿಯ ಮೇಲೆ ಸುರಿದೆವು. ಕೆಮ್ಮಣ್ಣು ಬಳಿದ ಕುಡಿಕೆಗಳಿಂದ ಬಿದ್ದ ಎರಡು ರಾಶಿಗಳಲ್ಲಿ ನೀರಿನ ಸಾಲಿನದು ದೊಡ್ಡದಾಗಿರಲಿಲ್ಲ. ನೋಡಿದರೆ ತುಸು ಚಿಕ್ಕದೇ.

“ಹಾಗಾದ್ರೆ ನೀರು ಜ್ವರ ತಡೆಯುತ್ತೆ ಅಂತ ಬರೀಲಾ?” ಎಂದರು ಡಾಕ್ಟರು.

“ಬರೀಬೇಡಿ. ಇಷ್ಟು ಬೀಜ ಅಷ್ಟು ದೊಡ್ಡ ಮಾತು ಹೇಳೋದಿಲ್ಲ. ನೀರು ಕೊಲ್ಲುತ್ತೆ ಅನ್ನೋ ಮಾತಿಗೆ ಇಲ್ಲಿ ಆಧಾರ ಕಾಣಲಿಲ್ಲ ಅಂತ ಬರೀರಿ, ಸಾಕು.”

“ಬಾಯಾರಿದೋರಿಗೆ ನೀರು ಕೊಡೋಕೆ ಅಷ್ಟೇ ಸಾಕು,” ಎಂದಳು ತಂಗಿ.

ದಾನಿಗಳಲ್ಲೊಬ್ಬರು, ಇದು ಹಿರಿಯರ ಪದ್ಧತಿಗೆ ಅವಮಾನವೆಂದು ಎದ್ದು ಹೋದರು. ಹಿರಿಯರೇ ತಮ್ಮ ಕೈಯಾರೆ ಹಾಕಿದ ಬೀಜಗಳು ಎಂದು ನಾನು ಅವರ ಬೆನ್ನಿಗೆ ಕೇಳುವಂತೆ ಹೇಳಿದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ, ಅಷ್ಟೇ ಗಟ್ಟಿಯಾಗಿ.

ಡಾಕ್ಟರು ಆಜ್ಞೆಯನ್ನು ರದ್ದುಮಾಡಿ, ತಂಗಿಯ ಕೆಲಸ ಉಳಿದು, ಎರಡೂ ಸಾಲಿನ ಮಂಚಗಳ ಕೆಳಗೆ ಚೊಂಬುಗಳು ತುಂಬಿ ನೆಟ್ಟಗೆ ನಿಂತದ್ದು ೧೯೩೭ನೆಯ ಇಸವಿ, ಆಗಸ್ಟ್ ತಿಂಗಳ ಹದಿನಾರನೆಯ ತಾರೀಕು, ಸೋಮವಾರ.