ಅಕ್ಕನಿಗೆ ಕೊಡಲಾಗದ ಕಿಡ್ನಿ

ವಾರಕ್ಕೆ ಎರಡು ಸಲ ನಾನು ಸಂಡೂರಿನಿಂದ, ಅಕ್ಕ ಕಂಪ್ಲಿಯಿಂದ ಹೊಸಪೇಟೆಗೆ ಬರುತ್ತೇವೆ. ಅಕ್ಕ ಎಂದರೆ ನನಗಿಂತ ಕಾಲು ಗಂಟೆ ದೊಡ್ಡವಳು, ನಾವು ಅವಳಿ. ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರ ಅವಳ ರಕ್ತ ತೊಳೆಯುವ ನಾಲ್ಕು ಗಂಟೆ ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತೇನೆ. ಒಮ್ಮೆ, ಹೊಸದಾಗಿ ಸೇರಿದ ನರ್ಸ್ ಒಬ್ಬಳು ನನ್ನ ಕೈ ಹಿಡಿದು, “ಬರ್ರಿ ಅಮ್ಮಾ, ತೂಕ ನೋಡೋಣು” ಎಂದಿದ್ದಳು. ಮೊದಲೆಲ್ಲ ಹೀಗೆ ಯಾರಾದರೂ ಮೋಸಹೋದರೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆವತ್ತು ಸುಮ್ಮನೆ ಅಕ್ಕನ ಕಡೆ ಕೈ ತೋರಿಸಿದೆ.

ನಾವು ಹುಟ್ಟಿದ್ದು ಗಾದಿಗನೂರಿನಲ್ಲಿ. ಅಪ್ಪ ಗಣಿ ಲಾರಿಗಳಿಗೆ ಅದಿರು ತುಂಬುವ ಕೆಲಸ ಮಾಡುತ್ತಿದ್ದ. ಐವತ್ತು ತುಂಬುವ ಮೊದಲೇ ಕಾಲು ಊದಿಕೊಂಡು, ಮುಖ ಊದಿಕೊಂಡು ಸತ್ತ. ಕಿಡ್ನಿ ಕೆಟ್ಟಿದ್ದವಂತೆ ಎಂದು ಎಲ್ಲರೂ ಹೇಳಿದರು. ಯಾಕೆ ಕೆಟ್ಟವು ಎಂದು ಯಾರೂ ಕೇಳಲಿಲ್ಲ. ಕೆಂಪು ಧೂಳು ಕುಡಿದೂ ಕುಡಿದೂ ಹಾಗಾಯಿತು ಎಂದು ಅವ್ವ ಇವತ್ತಿಗೂ ನಂಬಿದ್ದಾಳೆ.

ಅಕ್ಕನ ಮುಖ ಊದಲು ಶುರುವಾದಾಗ ನಮಗೆ ನಲವತ್ನಾಲ್ಕು. ಅವಳ ಎರಡೂ ಕಿಡ್ನಿಗಳ ತುಂಬ ನೀರಿನ ಗುಳ್ಳೆಗಳಿವೆ, ಕೆಲಸ ನಿಲ್ಲಿಸುತ್ತ ಬಂದಿವೆ ಎಂದು ಡಾಕ್ಟರು ಹೇಳಿದರು. ಹೊಸ ಕಿಡ್ನಿ ಹಾಕಿದರೆ ಒಳ್ಳೆಯದು ಎಂದರು. ಅಕ್ಕನ ಗಂಡ ತಲೆ ತಗ್ಗಿಸಿ ಕೂತಿದ್ದರು. ಅವರಿಗೆ ಸಕ್ಕರೆ ಕಾಯಿಲೆ, ಕೊಡುವಂತಿರಲಿಲ್ಲ. ನನಗೆ ಯೋಚನೆಯೇ ಬೇಕಾಗಲಿಲ್ಲ.

“ನಂದು ತಗೊಳ್ರಿ. ನಾವಿಬ್ರೂ ಒಂದ ಅಚ್ಚು. ನನ್ನಷ್ಟು ಹೊಂದೋರು ಯಾರದಾರ?” ಎಂದೆ.

 ಡಾಕ್ಟರು, ಅಪ್ಪ ಹೇಗೆ ಸತ್ತ ಎಂದು ಕೇಳಿದರು. ಕೇಳಿದ ಮೇಲೆ ನನ್ನನ್ನು ಸ್ಕ್ಯಾನಿಂಗ್‌ಗೆ ಕಳಿಸಿದರು. ವರದಿ ಬಂದಾಗ ಒಳಗೆ ನನ್ನೊಬ್ಬಳನ್ನೇ ಕರೆದರು.

“ನೋಡ್ರಿ, ನೀವಿಬ್ರೂ ಒಂದೇ ಅಂಡ ಒಡೆದು ಎರಡಾಗಿ ಹುಟ್ಟಿದೋರು. ಈ ಕಾಯಿಲೆ ನಿಮ್ಮಪ್ಪನ ಕಡಿಂದ ಬಂದದ್ದು. ನಿಮ್ಮ ಅಕ್ಕಗ ಬಂತಂದ್ರ ನಿಮಗೂ ಬಂದಂಗ. ನಿಮ್ಮ ಕಿಡ್ನಿದಾಗೂ ಗುಳ್ಳೆ ಅದಾವು.”

“ಮತ್ತ ನಾನು ಚೊಲೋ ಇದ್ದೀನಲ್ರಿ?”

“ನಿಮ್ಮದು ನಿಧಾನ ಐತಿ. ಅವಳಿಗಳಾದ್ರೂ ಇದರ ವೇಗ ಒಂದ ಇರಬೇಕು ಅಂತಿಲ್ಲ. ಬಿಪಿ ಹಿಡಿತದಾಗ ಇಟ್ಕೊಂಡ್ರ ಇನ್ನಷ್ಟು ವರ್ಷ ಎಳೀಬಹುದು. ಆದ್ರ ಕೊಡಾಕ ಬರಂಗಿಲ್ಲ.”

ಹೊರಗೆ ಬೆಂಚಿನ ಮೇಲೆ ಅಕ್ಕ ಕಾಯುತ್ತಿದ್ದಳು. ಒಂದು ಮಾತು ಒಪ್ಪಿಕೊಳ್ಳಬೇಕು. ಅವಳ ಕಡೆ ನಡೆಯುವಾಗ ನಾನು ಅವಳ ಬಗ್ಗೆ ಯೋಚಿಸುತ್ತಿರಲಿಲ್ಲ. ಅವಳ ಊದಿದ ಕಣ್ಣು, ಕಪ್ಪಾದ ತುಟಿ ನೋಡಿ, ನಾಳೆ ನಾನೂ ಹೀಗೇ ಕಾಣುತ್ತೇನೆ ಎಂದಷ್ಟೇ ಹೊಳೆಯಿತು. ಆ ನಾಚಿಕೆ ಇನ್ನೂ ಹೋಗಿಲ್ಲ. ಅಕ್ಕನಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. “ನಿನಗೂ ಐತೇನಲೇ?” ಎಂದು ಕೇಳಿ, ನನ್ನ ಕೈಯಿಂದ ವರದಿ ಕಿತ್ತುಕೊಂಡು ತನ್ನ ಚೀಲಕ್ಕೆ ತುರುಕಿದಳು.

ಆಮೇಲೆ ಮಕ್ಕಳ ಮಾತು ಬಂತು. ನನಗೆ ಒಬ್ಬ ಮಗ, ಒಬ್ಬ ಮಗಳು. ಅಕ್ಕನಿಗೆ ಒಬ್ಬಳೇ ಮಗಳು. ಈ ವಿಷಯದಲ್ಲಿ ಮೂವರನ್ನೂ ಒಬ್ಬಳೇ ತಾಯಿಯ ಮಕ್ಕಳೆಂದು ತಿಳಿಯಿರಿ, ಒಬ್ಬೊಬ್ಬರಿಗೂ ಬರುವುದು ಬಾರದಿರುವುದು ಸಮಸಮ ಎಂದು ಡಾಕ್ಟರು ಬಿಡಿಸಿ ಹೇಳಿದರು. “ಒಬ್ರಿಗೆ ಬಂದ್ರ ಇನ್ನೊಬ್ರಿಗೆ ತಪ್ತು ಅಂತ ತಿಳೀಬ್ಯಾಡ್ರಿ. ಪ್ರತಿ ಸಲನೂ ಹೊಸದಾಗಿ ನಾಣ್ಯ ಚಿಮ್ಮಿದಂಗ.”

ನನ್ನ ಮಗ ಪರೀಕ್ಷೆ ಬೇಡವೆಂದ. ಇನ್ನೂ ಬೇಡ ಎನ್ನುತ್ತಿದ್ದಾನೆ. ಒತ್ತಾಯಿಸುವ ಶಕ್ತಿ ನನ್ನಲ್ಲಿಲ್ಲ. ಹುಡುಗಿಯರಿಬ್ಬರೂ ಒಂದೇ ದಿನ ಹೋದರು. ಅಕ್ಕನ ಮಗಳಿಗೆ ಸದ್ಯಕ್ಕೆ ಏನೂ ಕಾಣಲಿಲ್ಲ, ಮೂವತ್ತಾದ ಮೇಲೆ ಇನ್ನೊಮ್ಮೆ ನೋಡಬೇಕು ಎಂದರು. ನನ್ನ ಮಗಳಿಗೆ ಇತ್ತು. ಇಪ್ಪತ್ತೆರಡು ವರ್ಷ ಅವಳಿಗೆ.

ಅಕ್ಕನಿಗೆ ಖುಷಿಪಡಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಮೂರು ದಿನ ಫೋನ್ ಮಾಡಲಿಲ್ಲ. ಮುಂದಿನ ಸಲ ಯಂತ್ರದ ಪಕ್ಕ ಮಲಗಿಕೊಂಡೇ, “ನನ್ನ ಮಗಳಿಗೆ ಬಂದಿದ್ರ ನಿನ್ನ ಜೊತಿ ಮಾತಾಡೋದು ಹಗುರ ಇತ್ತು ನೋಡು” ಎಂದಳು.

“ಹುಚ್ಚಿ, ಹಂಗ ಅನಬ್ಯಾಡ” ಎಂದೆ. ಮನಸ್ಸಿನ ಒಂದು ಮೂಲೆಯಲ್ಲಿ ನನಗೂ ಅದೇ ಅನಿಸಿತ್ತು.

ಮಗಳು ಮಾತ್ರ ಅಳಲಿಲ್ಲ. ಉಪ್ಪು ಕಡಿಮೆ ಮಾಡಿದಳು, ಬಿಪಿ ನೋಡುವ ಯಂತ್ರ ತಂದಳು. ಕಳೆದ ತಿಂಗಳು ನೋಡಲು ಬಂದ ಹುಡುಗನಿಗೆ ಚಹಾ ಕೊಟ್ಟು, ಎದುರು ಕೂತು, ಎಲ್ಲವನ್ನೂ ತಾನೇ ಹೇಳಿದಳು. ಅವನು ಸಾವಧಾನವಾಗಿ ಕೇಳಿದ, ಚಹಾ ಕುಡಿದ, ಹೋದ. ಮತ್ತೆ ಸುದ್ದಿಯಿಲ್ಲ. ಇವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ, ಅಥವಾ ನನಗೆ ತೋರಿಸಲಿಲ್ಲ.

ಹೋದ ವಾರ ನನಗೆ ಜ್ವರ. ನನ್ನ ಬದಲು ಮಗಳೇ ಹೊಸಪೇಟೆಗೆ ಹೋದಳು. ಮಧ್ಯಾಹ್ನ ಅಕ್ಕನ ಫೋನ್ ಬಂತು.

“ನಿನ್ನ ಮಗಳು ಏನ್ ಮಾಡಾಕತ್ಯಾಳ ಗೊತ್ತೇನು? ಯಂತ್ರದ ಒಂದೊಂದು ನಳಿಗಿ ಎಲ್ಲಿಂದ ಎಲ್ಲಿಗೆ ಹೋಗತೈತಿ ಅಂತ ನರ್ಸ್ ಕಡೆ ಕೇಳಿ ಬರಕೊಳ್ಳಾಕತ್ಯಾಳ. ನಿನಗ ಈಗ ಯಾಕಬೇ ಅದು ಅಂದ್ರ, ತಿಳಕೊಂಡಿರ್ತೀನಿ ಬಿಡು ದೊಡ್ಡವ್ವ ಅಂತಾಳ.”

“ಬರಕೊಳ್ಳಲಿ ಬಿಡು” ಎಂದೆ.  ಅಕ್ಕ, “ಗುಳಿಗಿ ತಗೊಂಡಿಯಾ?” ಎಂದು ಕೇಳಿದಳು. ತಗೊಂಡಿರಲಿಲ್ಲ. ತಗೊಂಡೆ ಎಂದು ಹೇಳಿ ಫೋನ್ ಇಟ್ಟು, ಎದ್ದು ನೀರು ತರಲು ಹೋದೆ.