ಅರ್ಧ ಮಾತ್ರೆ

ಗುಂಡ್ಲುಪೇಟೆಯಲ್ಲಿ ನನ್ನೊಡನೆ ಒಂದೇ ಕೋಣೆಯಲ್ಲಿದ್ದು, ನಾನು ಅಕ್ಕ ಎಂದು ಕರೆಯುತ್ತಿದ್ದವಳೂ ನನ್ನ ಹಾಗೆಯೇ ಹೆದ್ದಾರಿಯ ಲಾರಿಗಳನ್ನು ನಂಬಿ ಮೈ ಮಾರಿಕೊಂಡು ಬದುಕಿದವಳು. ಎಚ್‌ಐವಿ ಅಂಟಿದ ಮೇಲೂ ದಿನಕ್ಕೊಂದು ಮಾತ್ರೆ ನುಂಗಿಕೊಂಡು ಗುಂಡುಕಲ್ಲಿನ ಹಾಗಿದ್ದಳು. ಅಂಥವಳು ಕಳೆದ ಬೇಸಿಗೆಯಲ್ಲಿ ಸೊರಗತೊಡಗಿದಳು. ಬಾಯೊಳಗೆಲ್ಲ ಬಿಳಿ ಹುಣ್ಣು, ಬಿಡದ ಕೆಮ್ಮು. ಚಾಮರಾಜನಗರದ ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರು, ಕೌಂಟು ಇಳಿದಿದೆ, ರೋಗ ತಡೆಯುವ ಶಕ್ತಿಯೇ ಮೈಯಲ್ಲಿ ಉಳಿದಿಲ್ಲ ಎಂದರು. ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ ಎಂದು ಅಕ್ಕ ದೇವರಾಣೆ ಇಟ್ಟಳು.

ಆಣೆ ಸುಳ್ಳಲ್ಲ. ಆ ಸಂಜೆ ಅವಳು ಈಳಿಗೆಮಣೆಯಲ್ಲಿ ಮಾತ್ರೆಯನ್ನು ಎರಡು ಹೋಳು ಮಾಡುವುದನ್ನು ಕಂಡೆ. ಒಂದನ್ನು ತಾನು ನುಂಗಿ, ಇನ್ನೊಂದನ್ನು ಪಕ್ಕದ ಕೋಣೆಯ ಹೆಂಗಸಿನ ಕೈಗಿಟ್ಟಳು. ಹರವೆ ಎಂಬ ಊರಿನಿಂದ ಬಂದ, ಮೂವತ್ತರ ಆಸುಪಾಸಿನ ಅವಳಿಗೂ ಅದೇ ಕಸುಬು, ಅದೇ ಕಾಯಿಲೆ. ಆಸ್ಪತ್ರೆಯ ಗೇಟಿನಲ್ಲೇ ಅವಳ ಭಾವ ಆಟೊ ನಿಲ್ಲಿಸಿಕೊಂಡಿರುತ್ತಿದ್ದ. ಅವನ ಕಣ್ಣಿಗೆ ಬಿದ್ದರೆ ಕಾಯಿಲೆಯ ಸುದ್ದಿ ತವರಿಗೆ ಮುಟ್ಟುತ್ತದೆಂಬ ಭಯಕ್ಕೆ ಅವಳು ಅತ್ತ ತಲೆಯನ್ನೇ ಹಾಕಿರಲಿಲ್ಲ.

ಮೊದಲೇ ಮುಂಗೋಪಿ ನಾನು. ಮೈಯೆಲ್ಲ ಉರಿಯಿತು.

“ಇಬ್ರೂ ಸಾಯಕ್ಕೆ ಹೊಂಟಿದ್ದೀರಾ?”

“ಒಂದು ಮುದ್ದೆಯ ಮೂರು ಜನ ಹಂಚ್ಕೊಂಡು ಉಂಡಿಲ್ವಾ? ಅಂಗೇಯ ಇದೂವೆ,” ಎಂದಳು ಅಕ್ಕ.

“ಇದು ಮುದ್ದೆ ಅಲ್ಲ ಕಣಕ್ಕ. ಅರ್ಧ ನುಂಗುದ್ರೆ ಒಳಗಿರೋ ರೋಗ ಮಾತ್ರೆಗೆ ಪಳಗ್ಬುಡ್ತದೆ. ಆಮೇಲೆ ಪೂರ್ತಿ ನುಂಗುದ್ರೂ ಬಗ್ಗಲ್ಲ.”

ಮರುದಿನ ಬೆಳಿಗ್ಗೆ ಇಬ್ಬರನ್ನೂ ಚಾಮರಾಜನಗರದ ಬಸ್ಸು ಹತ್ತಿಸಿದೆ. ಹರವೆಯವಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ನಡುದಾರಿಯ ತೆರಕಣಾಂಬಿಯಲ್ಲಿ ಇಳಿದುಬಿಡುತ್ತೇನೆ ಎಂದು ಎದ್ದಳು, ಮಣಿಕಟ್ಟು ಹಿಡಿದು ಕೂರಿಸಿದೆ. ನಾನೇನು ದೊಡ್ಡ ಧೈರ್ಯಗಾತಿಯಲ್ಲ, ಆದರೂ ಆಸ್ಪತ್ರೆ ಬರುವವರೆಗೂ ಹಿಡಿತ ಬಿಡಲಿಲ್ಲ.

ಗೇಟಿನಲ್ಲಿ ಭಾವ ಇದ್ದೇ ಇದ್ದ. ನಡಿಗೆಯಲ್ಲೇ ಅವಳ ಗುರುತು ಹಿಡಿದ.

“ಯಾಕಮ್ಮಿ, ಇಲ್ಲಿಗ್ ಬಂದೆ?”

“ರಕ್ತ ಕಮ್ಮಿ ಅದೆ ಕಣಣ್ಣ, ತೋರ್ಸಕ್ಕೆ ಬಂದೊ,” ಎಂದು ನಾನು ಬಾಯಿಗೆ ಬಂದದ್ದು ಹೇಳಿದೆ.

“ಅಂಗಾದ್ರೆ ನಡೀರಿ, ನಾನೂ ಬತ್ತೀನಿ. ಡಾಕ್ಟ್ರು ಗೊತ್ತಿರೋರೆ,” ಎಂದು ಆಟೊ ಇಳಿದ.

ಅಷ್ಟರಲ್ಲಿ ಅಕ್ಕನಿಗೆ ಕೆಮ್ಮು ಒತ್ತರಿಸಿ ಬಂತು. ಗೋಡೆ ಹಿಡಿದು ಬಗ್ಗಿದಳು, ಉಸಿರು ಸಿಗುತ್ತಿರಲಿಲ್ಲ. ನೋಡುತ್ತ ನಿಂತಿದ್ದ ಹರವೆಯವಳು ಮುಖದ ಸೆರಗು ತೆಗೆದಳು.

“ಎಚ್‌ಐವಿ ಮಾತ್ರೆಗೆ ಬಂದಿದೀನಿ ಭಾವ. ಇಷ್ಟು ದಿನ ಇವಳ ಪಾಲ್ನೇ ತಿಂದೆ. ಸಾಯ್ತಾವಳೆ.”

ಅವನು ಆಟೊ ಹತ್ತಿ, ತಿರುಗಿಸಿ ಹರವೆ ರಸ್ತೆ ಹಿಡಿದ. ಇನ್ನು ತವರಿನ ಬಾಗಿಲು ಅವಳಿಗಿಲ್ಲವೆಂದು ಮೂವರಿಗೂ ಗೊತ್ತಾಯಿತು. ಅವಳು ಅಕ್ಕನ ತೋಳು ಹಿಡಿದು ಒಳಗೆ ನಡೆದಳು. ಚೀಟಿ ಕೊಡುವ ಕಿಟಕಿಯಲ್ಲಿ ತನ್ನ ಅವ್ವ ಇಟ್ಟ ಹೆಸರು ಹೇಳಿದಳು. ಅಲ್ಲಿಯವರೆಗೆ ಅದು ನಮಗೂ ಗೊತ್ತಿರಲಿಲ್ಲ.